ಕೆಳದವಡೆಗೆ ಮೂಳೆಯ ಕಸಿ

ಹಲ್ಲನ್ನು ಕೀಳಿಸಿದರೆ ಹೋದುದು ಹಲ್ಲೊಂದೇ ಎಂದು ನಾವು ಭಾವಿಸುವುದುಂಟು. ವಾಸ್ತವದಲ್ಲಿ ಅದನ್ನು ಹಿಡಿದು ನಿಲ್ಲಿಸಿದ್ದ ಮೂಳೆಯೂ ಮೆಲ್ಲಮೆಲ್ಲನೆ ಸವೆಯುತ್ತದೆ. ಹಲ್ಲುದುರಿದ ವೃದ್ಧರ ಮುಖದ ಕೆಳಭಾಗವು ಕುಗ್ಗಿದಂತೆ ಕಾಣುವುದಕ್ಕೂ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕೆಳಗಡೆ ನಿಲ್ಲದೆ ಜಾರುವುದಕ್ಕೂ ಇದು ಮುಖ್ಯ ಕಾರಣ.

ಮೂಳೆಯು ಕಲ್ಲಿನಂತಹ ಜಡವಸ್ತುವಲ್ಲ. ದುಡಿಮೆಯಿಂದ ಬಾಳುವ ಸಜೀವ ಪದಾರ್ಥ. ಅಗಿಯುವಾಗಿನ ಒತ್ತಡವು ಹಲ್ಲಿನ ಬೇರಿನ ಮೂಲಕ ತಲಪುತ್ತಿರುವವರೆಗೆ ದವಡೆಯ ದಿಂಡು ದೃಢವಾಗಿರುತ್ತದೆ. ಆ ಕೆಲಸ ತಪ್ಪಿದೊಡನೆ ದೇಹವು ಅದನ್ನು ಕರಗಿಸತೊಡಗುತ್ತದೆ. ಹಲ್ಲು ಕಿತ್ತ ಒಂದು ವರ್ಷದೊಳಗೆ ಆ ಸ್ಥಳದ ದಿಂಡಿನ ಅಗಲವು ಸುಮಾರು ಅರ್ಧಕ್ಕೆ ಇಳಿಯಬಹುದು. ಅದರಲ್ಲಿ ಹೆಚ್ಚಿನ ನಷ್ಟವು ಮೊದಲ 3 ತಿಂಗಳಲ್ಲಿಯೇ ಆಗುತ್ತದೆ.

ಕಳೆದ ಹಲ್ಲಿಗೆ ಬದಲಾಗಿ ಮೂಳೆಯಲ್ಲಿಯೇ ಲೋಹದ ಬೇರನ್ನು ನೆಡುವ ವಿಧಾನಕ್ಕೆ ಇಂಪ್ಲಾಂಟ್ ಎಂದು ಹೆಸರು. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿಜ್ಞಾನಿಯು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಪುಟ್ಟ ಉಪಕರಣವನ್ನಿರಿಸಿ ರಕ್ತಸಂಚಾರವನ್ನು ಪರಿಶೀಲಿಸುತ್ತಿದ್ದರು. ಅದನ್ನು ಹೊರತೆಗೆಯಲು ಹೋದಾಗ ಲೋಹವು ಮೂಳೆಯೊಡನೆ ಬೆಸೆದುಕೊಂಡಿತ್ತು. ಈ ಅರಿವಿನ ಫಲವಾಗಿ 1965ರಲ್ಲಿ ಅವರು ರೋಗಿಯೊಬ್ಬರ ಕೆಳದವಡೆಯಲ್ಲಿ ಮೊದಲ ಬಾರಿಗೆ ಟೈಟೇನಿಯಂ ಬೇರುಗಳನ್ನು ನೆಟ್ಟರು.

ಆದರೆ ಮಣ್ಣೇ ಇಲ್ಲದೆ ಕಂಬ ನಿಲ್ಲುವುದೆಂತು? ಕೆಳದವಡೆಯಲ್ಲಿ ಇನ್ನೊಂದು ತೊಡಕೂ ಇದೆ. ಅದರ ಒಳಗಿನ ಸಣ್ಣ ಕಾಲುವೆಯೊಂದರಲ್ಲಿ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ನೀಡುವ ನರವು ಸಾಗುತ್ತದೆ. ಲೋಹದ ಬೇರು ಅದರಿಂದ ಸುಮಾರು 2 ಮಿಲಿಮೀಟರಾದರೂ ದೂರವಿರಬೇಕು; ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯುತ್ತದೆ. ಆದುದರಿಂದ ಮೂಳೆ ಸಾಲದಿದ್ದಲ್ಲಿ ಕಸಿಯ ಅಗತ್ಯ ಬೀಳುತ್ತದೆ.

ಕಸಿಯೆಂದರೆ ವಿದ್ಯಾರ್ಥಿಗಳಿಗೆ ಮಾವಿನ ಗಿಡ ನೆನಪಾಗಬಹುದು. ಇಲ್ಲಿ ಹಂದರದ ಹೋಲಿಕೆಯೇ ಹೆಚ್ಚು ಸಮಂಜಸ. ಇರಿಸಿದ ಮೂಳೆಯ ಚೂರುಗಳ ಆಸರೆಯಲ್ಲಿ ರಕ್ತನಾಳಗಳು ಬಳ್ಳಿಯಂತೆ ಹಬ್ಬಿ ಹೊಸ ಮೂಳೆ ಬೆಳೆಯುತ್ತದೆ. ರೋಗಿಯ ದವಡೆಯ ಹಿಂಬದಿಯಿಂದ, ಗದ್ದದಿಂದ, ಹೆಚ್ಚು ಬೇಕಾದಲ್ಲಿ ಸೊಂಟದಿಂದ ಮೂಳೆಯನ್ನು ತೆಗೆಯುತ್ತಾರೆ. ಶುದ್ಧೀಕರಿಸಿದ ಮಾನವ ಮೂಳೆ, ದನದ ಮೂಳೆ ಅಥವಾ ಕೃತಕವಾಗಿ ತಯಾರಿಸಿದ ಸುಣ್ಣಾಂಶದ ಹರಳುಗಳನ್ನೂ ಬಳಸುವುದುಂಟು. ಯಾವ ಮೂಲದ್ದೆಂದು ಮೊದಲೇ ಕೇಳಿ ತಿಳಿಯುವುದು ರೋಗಿಯ ಹಕ್ಕು. ಕಸಿ ಬಲಿಯಲು ಹಲವು ತಿಂಗಳು ಬೇಕು. ಬಳಿಕ ನೆಟ್ಟ ಬೇರು ಬೆಸೆಯಲು ಮತ್ತೆ ಕೆಲವು ತಿಂಗಳು. ಧೂಮಪಾನಿಗಳಲ್ಲಿಯೂ, ಹತೋಟಿಯಿಲ್ಲದ ಮಧುಮೇಹಿಗಳಲ್ಲಿಯೂ ವಿಫಲವಾಗುವ ಸಂಭವ ಹೆಚ್ಚು.

ಎಲ್ಲರಿಗೂ ಈ ಕಸಿ ಬೇಕೆಂದಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಸಾಮಾನ್ಯವಾಗಿ ಮೂಳೆ ಹೆಚ್ಚು ಉಳಿದಿರುತ್ತದೆ. ಅಲ್ಲಿ ಎರಡು ಬೇರುಗಳನ್ನು ನೆಟ್ಟು ಸೆಟ್ಟನ್ನು ಸಿಕ್ಕಿಸಿದರೂ ಅದು ಜಾರದೆ ನಿಂತೀತು.

ಇಷ್ಟಾದರೂ ಈ ಚಿಕಿತ್ಸೆಗೆ ಹಣವೂ ಕಾಲವೂ ತಾಳ್ಮೆಯೂ ಧಾರಾಳವಾಗಿ ಬೇಕು. ಪೋಷಕರು ‘ನೋಯುತ್ತಿದೆ, ಕೀಳಿಸಿಬಿಡೋಣ’ ಎನ್ನುವ ಮೊದಲು ಹಲ್ಲನ್ನು ಉಳಿಸಲು ಸಾಧ್ಯವೇ ಎಂದು ದಂತವೈದ್ಯರನ್ನು ಕೇಳಬೇಕು. ಕೀಳಲೇಬೇಕಾದಲ್ಲಿ ಮುಂದಿನ ಏರ್ಪಾಡನ್ನು ಅಂದೇ ವಿಚಾರಿಸಬೇಕು. ಎಲೆಯಡಕೆಯೊಡನೆ ಹೊಗೆಸೊಪ್ಪನ್ನು ಹಾಕುವ ರೂಢಿಯನ್ನು ಬಿಡಬೇಕು. ವಿದ್ಯಾರ್ಥಿಗಳೇ, ದಿನಕ್ಕೆರಡು ಬಾರಿ ಹಲ್ಲುಜ್ಜಿರಿ. ನೋವಾದರೆ ಮುಚ್ಚಿಡದೆ ಮನೆಯಲ್ಲಿ ಹೇಳಿರಿ. ಹುಟ್ಟಿನಿಂದ ಬಂದ ಬೇರಿಗೆ ಸರಿಸಮನಾದ ಬೇರನ್ನು ಮನುಷ್ಯನು ಇನ್ನೂ ನಿರ್ಮಿಸಿಲ್ಲ.