ಕಣ್ಣಿಗೆ ಕಪ್ಪು, ಬೆಳಕಿಗೆ ಕಿಟಕಿ

ದಶಕಗಟ್ಟಲೆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಿಗೆ ಅಕ್ಷರ ಕಪ್ಪಾಗಿ ಮೂಡಿದ ಪಾಸಿಟಿವ್ ಫಿಲ್ಮ್ ಬರುತ್ತಿದ್ದದ್ದು ಕೆಂಪು ದೀಪದ ಕತ್ತಲೆ ಕೋಣೆಯಿಂದ. ದೊಡ್ಡ ಕ್ಯಾಮೆರಾ, ಡೆವಲಪರ್ ತುಂಬಿದ ಟ್ರೇ, ಒಣಗಲು ನೇತುಹಾಕಿದ ಫಿಲ್ಮುಗಳು. ಬೆಳ್ಳಿಯ ಲವಣ ಬಳಿದ ಆ ಫಿಲ್ಮು ದುಬಾರಿಯಾಗಿತ್ತು, ಆದರೆ ಅದರ ಕಪ್ಪನ್ನು ಎಷ್ಟೇ ಪ್ರಖರ ದೀಪವೂ ದಾಟುತ್ತಿರಲಿಲ್ಲ. 1990ರ ದಶಕದಲ್ಲಿ ಮೇಜಿನ ಮೇಲೆ ಕೂರುವ ಇಂಕ್‌ಜೆಟ್ ಪ್ರಿಂಟರ್ ಕೈಗೆಟುಕುವ ಬೆಲೆಗೆ ಬಂದಾಗ ಸ್ಕ್ರೀನ್ ಕೆಲಸಗಾರರಿಗೆ ಸಹಜವಾಗಿಯೇ ಆಸೆ ಹುಟ್ಟಿತು. ಪಾರದರ್ಶಕ ಹಾಳೆಯೊಂದನ್ನು ಹಾಕಿ ಪ್ರಿಂಟ್ ತೆಗೆದರೆ ಕತ್ತಲೆ ಕೋಣೆಯ ಗೊಡವೆಯೇ ಇರುವುದಿಲ್ಲವಲ್ಲ!

ಪ್ರಿಂಟ್ ಬಂತು. ಅಕ್ಷರ ಕಪ್ಪಾಗಿಯೇ ಕಂಡಿತು. ಮೆಶ್ಶಿಗೆ ಎಮಲ್ಷನ್ ಬಳಿದು ಒಣಗಿಸಿದ ಫ್ರೇಮಿಗೆ ಅದನ್ನು ಅಂಟಿಸಿ, ಗಾಜು ಒತ್ತಿ, ಎಕ್ಸ್‌ಪೋಸ್ ಮಾಡಿ, ತೊಟ್ಟಿಯಲ್ಲಿ ನಿಲ್ಲಿಸಿ ನೀರು ಹಾಯಿಸಿದರು. ಬೆಳಕು ತಾಗಿದ ಎಮಲ್ಷನ್ ಗಟ್ಟಿಯಾಗಿ, ಅಕ್ಷರದ ನೆರಳಿನಲ್ಲಿದ್ದದ್ದು ಕರಗಿ ಹೋಗಬೇಕಿತ್ತು. ಅದು ಕರಗಲಿಲ್ಲ. ಬೆರಳಿನಿಂದ ಉಜ್ಜಿದರೆ ಅಂಚು ಕಿತ್ತು ಬಂತು, ನಡುಭಾಗ ಹಠ ಹಿಡಿದು ಕೂತಿತು. ಬೆಳಕಿನ ಹೊತ್ತನ್ನು ಇಳಿಸಿ ನೋಡಿದರು. ಈ ಸಲ ಅಕ್ಷರದ ಜೊತೆಗೆ ಸುತ್ತಲಿನ ಹಿನ್ನೆಲೆಯೂ ಲೋಳೆಯಾಗಿ ಹರಿದುಹೋಯಿತು. ಹಾಳಾದ ಫ್ರೇಮುಗಳು ಗೋಡೆಗೆ ಒರಗುತ್ತ ಹೋದವು.

ಕಣ್ಣಿಗೆ ಅಷ್ಟು ಕಪ್ಪಾಗಿ ಕಂಡದ್ದು ಬೆಳಕನ್ನು ಏಕೆ ತಡೆಯಲಿಲ್ಲ? ಉತ್ತರದ ಅರ್ಧ ಭಾಗ ಶಾಯಿಯ ಹನಿಯನ್ನು ಚಿಮ್ಮಿಸುವ ವಿದ್ಯೆಯಲ್ಲಿತ್ತು. ಆ ವಿದ್ಯೆಯೂ ಸುಮ್ಮನೆ ಒಲಿದದ್ದಲ್ಲ.

1977ರ ಬೇಸಿಗೆಯಲ್ಲಿ ಟೋಕಿಯೊದ ಮೆಗುರೊದಲ್ಲಿದ್ದ ಕ್ಯಾನನ್ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಹೊಸ ಬಗೆಯ ಮುದ್ರಣಕ್ಕಾಗಿ ತಡಕಾಡುತ್ತಿದ್ದರು. ವಿದ್ಯುತ್ ಕೊಟ್ಟರೆ ಮೈ ಅಲುಗಿಸುವ ಪೀಜೊ ಹರಳಿನಿಂದ ಶಾಯಿಯನ್ನು ತಳ್ಳುವ ದಾರಿ ಆಗಲೇ ತಿಳಿದಿತ್ತು. ಆದರೆ ಆ ದಾರಿಯ ಉದ್ದಕ್ಕೂ ಬೇರೆಯವರು ಪೇಟೆಂಟಿನ ಬೇಲಿ ಹಾಕಿಬಿಟ್ಟಿದ್ದರು. ಅಂಥ ಒಂದು ದಿನ ಮೇಜಿನ ಮೇಲಿದ್ದ ಬಿಸಿ ಸೋಲ್ಡರಿಂಗ್ ಐರನ್ ಆಕಸ್ಮಿಕವಾಗಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಶಾಯಿ ಪಿಚಕ್ಕನೆ ಹಾರಿತು. ಒರೆಸಿ ಮುಂದಿನ ಕೆಲಸಕ್ಕೆ ಹೋಗಬಹುದಿತ್ತು. ಎಂಡೊ ಹೋಗಲಿಲ್ಲ. ಸಿರಿಂಜನ್ನು ಯಾರೂ ಒತ್ತಿರಲಿಲ್ಲ, ಕಾವು ಮಾತ್ರ ತಾಗಿತ್ತು. ಹಾಗಾದರೆ ಒಳಗೆ ಕುದಿದ ಗುಳ್ಳೆಯೇ ಶಾಯಿಯನ್ನು ಹೊರಗೆ ನೂಕಿರಬೇಕು! ಅದೇ ಅಕ್ಟೋಬರ್‌ನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಆ ಚಿಮ್ಮುವಿಕೆಯನ್ನು ಯಂತ್ರವಾಗಿಸಿ ಮಾರುಕಟ್ಟೆಗೆ ತರಲು ಮಾತ್ರ 1985ರವರೆಗೆ ಬೆವರು ಸುರಿಸಬೇಕಾಯಿತು.

ಇದೇ ಗುಳ್ಳೆ ಸಾಗರದಾಚೆ ಇನ್ನೊಬ್ಬರ ತಲೆಯಲ್ಲೂ ಎದ್ದಿತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಜಾನ್ ವಾಟ್ ಅವರಿಗೆ 1978ರ ಕೊನೆಯ ಹೊತ್ತಿಗೆ ಕಾಫಿ ಪರ್ಕೊಲೇಟರ್ ದಾರಿ ತೋರಿಸಿತು. ತಳದಲ್ಲಿ ಕುದಿದ ನೀರು ತನ್ನದೇ ಗುಳ್ಳೆಗಳ ಬಲದಿಂದ ಕೊಳವೆ ಹತ್ತಿ ಕಾಫಿ ಪುಡಿಯ ಮೇಲೆ ಸುರಿಯುವ ಪಾತ್ರೆ ಅದು. ವಾಟ್ ಮತ್ತು ಡೇವ್ ಡೊನಾಲ್ಡ್ ಇದನ್ನೇ ಕೂದಲೆಳೆಯ ಗಾತ್ರಕ್ಕೆ ಇಳಿಸಲು ಹೊರಟರು. ಸುತ್ತಲಿನವರಿಗೆ ನಂಬಿಕೆ ಬರಲಿಲ್ಲ. ಸೆಕೆಂಡಿಗೆ ನೂರಾರು ಸಲ ಶಾಯಿ ಕುದಿಸಿದರೆ ಅದನ್ನು ಕುದಿಸುವ ಸೂಕ್ಷ್ಮ ಹೀಟರು ಉಳಿದೀತೇ?

ಅನುಮಾನ ಸುಳ್ಳಾಗಿರಲಿಲ್ಲ. ಮೈಕ್ರೊಸೆಕೆಂಡುಗಳಲ್ಲಿ ಮುನ್ನೂರು ಡಿಗ್ರಿ ದಾಟುವ ಹೀಟರಿನ ಮೇಲೆ ಶಾಯಿ ಸೀದು ಕರಿ ಕಟ್ಟಿತು. ಅನ್ನ ತಳ ಹಿಡಿದ ಪಾತ್ರೆಯ ಪಾಡೇ ಅದಕ್ಕೂ ಬಂತು. ಈ ರೋಗಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಕೊಗೇಷನ್. ಸೀದದ್ದು ಎಂಬ ಅರ್ಥದ 'ಕೊಗೆ' ಎಂಬ ಜಪಾನಿ ಮಾತಿನಿಂದ ಹುಟ್ಟಿದ್ದು. ಸಾಲದ್ದಕ್ಕೆ ಒಡೆಯುವ ಪ್ರತಿ ಗುಳ್ಳೆಯೂ ಹೀಟರಿಗೆ ಪುಟ್ಟ ಸುತ್ತಿಗೆಯ ಪೆಟ್ಟು ಕೊಡುತ್ತಿತ್ತು. ಕೊನೆಗೆ ಹೊಳೆದ ಉಪಾಯ ಎಷ್ಟು ಸರಳ! ಮುದ್ರಣದ ತಲೆ ಸಾಯುವುದಾದರೆ ಸಾಯಲಿ, ಶಾಯಿ ಮುಗಿದಾಗ ಅದನ್ನೂ ಕಾರ್ಟ್ರಿಡ್ಜ್ ಜೊತೆಗೇ ಬದಲಾಯಿಸಿಬಿಡುವುದು. 1984ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಹನ್ನೆರಡು ತೂತುಗಳ ಥಿಂಕ್‌ಜೆಟ್ ಪ್ರಿಂಟರ್ 495 ಡಾಲರಿಗೆ ಮಾರಾಟಕ್ಕೆ ಬಂತು.

ಜಗತ್ತು ಗುಳ್ಳೆಯ ಹಿಂದೆ ಓಡುತ್ತಿದ್ದಾಗ ಜಪಾನಿನ ಸುವಾ ಸರೋವರದ ದಡದ ಎಪ್ಸನ್ ಕಂಪನಿ ಹಳೆಯ ಹರಳನ್ನೇ ಹಿಡಿದು ಕೂತಿತ್ತು. ಕೈಗಡಿಯಾರದ ಮನೆತನದಿಂದ ಬಂದ ಈ ಎಂಜಿನಿಯರುಗಳ ತಾಳ್ಮೆಯೇ ಈ ಕತೆಯ ನಿಜವಾದ ನಾಯಕ ಎನ್ನಬೇಕು. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಕೊಂಡ ಪೀಜೊ ಗುಣವೇ ಅವರ ಬಂಡವಾಳ. ಆದರೆ ಹರಳು ಅಲುಗುವುದು ಕಣ್ಣಿಗೂ ಕಾಣದಷ್ಟು ಕಡಿಮೆ. ಹನಿ ಹಾರುವಷ್ಟು ನೂಕು ಬೇಕೆಂದರೆ ಹರಳೂ ದೊಡ್ಡದು, ತಲೆಯೂ ದೊಡ್ಡದು, ಬೆಲೆಯೂ ದೊಡ್ಡದು. 1984ರ ಅವರ ಮೊದಲ ಇಂಕ್‌ಜೆಟ್ ಈ ಭಾರದಿಂದಲೇ ಕುಗ್ಗಿತು. ಗುಳ್ಳೆಯ ಪ್ರಿಂಟರುಗಳು ಅಗ್ಗವಾಗುತ್ತ, ಚಿಕ್ಕದಾಗುತ್ತ ಮುನ್ನುಗ್ಗಿದವು. ಆದರೂ ಎಪ್ಸನ್ ಕಂಪನಿಯ ಮಿನೋರು ಉಸುಯಿ ಮತ್ತು ಅವರ ಸಂಗಡಿಗರು ಹರಳನ್ನು ಬಿಡಲಿಲ್ಲ. ಒಂದೇ ದಪ್ಪ ತುಂಡಿನ ಬದಲು ತೆಳು ಪದರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಡಿಮೆ ವೋಲ್ಟೇಜಿನಲ್ಲೇ ಬೇಕಾದಷ್ಟು ನೂಕು ಸಿಕ್ಕಿತು. 1993ರಲ್ಲಿ ಆ ಪದರದ ತಲೆ ಹೊತ್ತ ಸ್ಟೈಲಸ್ 800 ಹೊರಬಂತು. ಉಸುಯಿ ಮುಂದೆ ಆ ಕಂಪನಿಯ ಅಧ್ಯಕ್ಷರೇ ಆದರು.

ಈ ತಲೆಗೆ ಒಂದು ಗುಣವಿತ್ತು. ಅದು ಶಾಯಿಯನ್ನು ಕುದಿಸುತ್ತಿರಲಿಲ್ಲ, ಬರೀ ನೂಕುತ್ತಿತ್ತು. ಕುದಿಯಬೇಕಾದ ಶಾಯಿ ನೀರಿನಂತಿರಬೇಕು, ಸೀಯದಂತಿರಬೇಕು. ನೂಕಿಸಿಕೊಳ್ಳುವ ಶಾಯಿಗೆ ಅಂಥ ಕಟ್ಟಳೆ ಕಡಿಮೆ. ಬೇರೆ ಶಾಯಿ ತುಂಬಿ ನೋಡಲು ಸ್ಕ್ರೀನ್ ಕೆಲಸಗಾರರಿಗೆ ಬಾಗಿಲು ತೆರೆದದ್ದು ಅಲ್ಲಿ.

ತೆರೆದ ಬಾಗಿಲಲ್ಲೂ ಮುಗ್ಗರಿಸಿದ್ದೇ ಹೆಚ್ಚು. ಸಾದಾ ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿ ಕೆಸುವಿನೆಲೆಯ ನೀರಿನಂತೆ ಮಣಿಮಣಿಯಾಗಿ ನಿಂತಿತು. ಶಾಯಿ ಹೀರುವ ಲೇಪನದ ಫಿಲ್ಮು ಸಿಕ್ಕ ಮೇಲೆ ಅಕ್ಷರ ಕೂತಿತು. ಕಪ್ಪು ಸಾಲದೆಂದು ಶಾಯಿ ಏರಿಸಿದರೆ ಅಂಚು ಹರಡಿ ಸಣ್ಣ ಅಕ್ಷರದ ಹೊಟ್ಟೆ ಮುಚ್ಚಿತು. ಒದ್ದೆ ಫಿಲ್ಮು ಎಮಲ್ಷನ್ನಿಗೇ ಅಂಟಿ, ಬಿಡಿಸುವಾಗ ಎರಡೂ ಕೆಟ್ಟವು.

ಸುಳಿವು ಮಾತ್ರ ಅಂಗಡಿಯ ಮೂಲೆಯಲ್ಲೇ ಇತ್ತು. ಕೈಯಿಂದ ವಿನ್ಯಾಸ ಕತ್ತರಿಸುವವರು ಬಳಸುತ್ತಿದ್ದ ರೂಬಿಲಿತ್ ಎಂಬ ಮಾಣಿಕ್ಯ ಬಣ್ಣದ ಹಾಳೆ ಅದು. ಅದರ ಹಿಂದೆ ಕೈಯಿಟ್ಟರೆ ಬೆರಳುಗಳು ಕೆಂಪಾಗಿ ಕಾಣುತ್ತಿದ್ದವು. ಆದರೂ ಅದನ್ನಿಟ್ಟು ಎಕ್ಸ್‌ಪೋಸ್ ಮಾಡಿದರೆ ಸ್ಕ್ರೀನು ಲೋಪವಿಲ್ಲದೆ ತೆರೆಯುತ್ತಿತ್ತು. ಕಣ್ಣಿಗೆ ಪಾರದರ್ಶಕವಾದ ಹಾಳೆ ಬೆಳಕನ್ನು ತಡೆಯುತ್ತಿತ್ತು, ಕಣ್ಣಿಗೆ ಕಪ್ಪಾದ ಶಾಯಿ ಬಿಟ್ಟುಕೊಡುತ್ತಿತ್ತು. ಹಾಗಾದರೆ ಎಮಲ್ಷನ್ ನೋಡುವ ಬೆಳಕೇ ಬೇರೆ!

ಅದು ಬೇರೆಯೇ ಆಗಿತ್ತು. ಎಮಲ್ಷನ್ನನ್ನು ಗಟ್ಟಿ ಮಾಡುವುದು ಸುಮಾರು 350ರಿಂದ 420 ನ್ಯಾನೊಮೀಟರಿನ ನೇರಳಾತೀತ ಮತ್ತು ನೇರಳೆ ಬೆಳಕು. ಅದರ ಬಹುಪಾಲು ಮನುಷ್ಯನ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಿಂಟರು ಮೂರು ಬಣ್ಣ ಬೆರೆಸಿ ತೋರಿಸಿದ ಕಪ್ಪು ಕಣ್ಣನ್ನು ತೃಪ್ತಿಪಡಿಸಿತ್ತು, ಈ ಬೆಳಕಿಗೆ ಸಂದು ಬಿಟ್ಟಿತ್ತು. ಹಾಗಾಗಿ ಬೇಕಾದದ್ದು ನೇರಳಾತೀತವನ್ನು ನುಂಗುವ ಡೈ ಶಾಯಿ, ಅದನ್ನು ಒಳಗೆಳೆದುಕೊಂಡು ತೂತಿಲ್ಲದ ಪದರವಾಗಿಸುವ ಲೇಪನ, ಎಷ್ಟು ಹನಿ ಬೀಳಬೇಕೆಂದು ಹಿಡಿತದಲ್ಲಿಡುವ ರಿಪ್ ಸಾಫ್ಟ್‌ವೇರ್. ಆರು ಬಣ್ಣದ ಎಪ್ಸನ್ ಸ್ಟೈಲಸ್ ಫೋಟೊ 1400ರಂಥ ಪ್ರಿಂಟರಿನ ಆರೂ ಮನೆಗಳಿಗೆ ಕಪ್ಪು ಶಾಯಿಯನ್ನೇ ತುಂಬುವ ರೂಢಿ ಬೆಳೆದದ್ದು ಹೀಗೆ.

ಅಂಥ ಫಿಲ್ಮನ್ನಿಟ್ಟು ಎಕ್ಸ್‌ಪೋಸ್ ಮಾಡಿದ ಫ್ರೇಮು ತೊಟ್ಟಿಗೆ ಇಳಿದಾಗ ಉಜ್ಜುವ ಕೆಲಸ ಬೀಳಲಿಲ್ಲ. ನೀರು ಹರಿದಂತೆ ಅಕ್ಷರಗಳು ಮೊದಲು ಮಸುಕಾಗಿ ತೋರಿ, ಆಮೇಲೆ ಒಂದೊಂದಾಗಿ ತೆರೆದುಕೊಂಡವು. ಮೆಶ್ಶಿನ ಎಳೆಗಳ ನಡುವೆ ಹಿಂದಿನ ಗೋಡೆ ಸ್ಪಷ್ಟವಾಗಿ ಕಂಡಿತು.