ಜನವರಿ 20ರ ತೆರಿಗೆ, ಸಂಜೆ ಏಳೂವರೆಯ ಕರೆ

ಕರ್ನಾಟಕದ ವ್ಯಾಪಾರಿಗೆ ಹೊಸ ವರ್ಷ ಒಂದಲ್ಲ. ಕ್ಯಾಲೆಂಡರ್ ಬದಲಾಗುವುದು ಜನವರಿಯಲ್ಲಿ, ಬೇವು-ಬೆಲ್ಲ ಯುಗಾದಿಗೆ, ಸರ್ಕಾರದ ಲೆಕ್ಕ ಏಪ್ರಿಲ್ 1ಕ್ಕೆ. ಹುಬ್ಬಳ್ಳಿ ಕಡೆಯ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕಕ್ಕೆ ಪೂಜೆ ನಡೆಯುವುದು ದೀಪಾವಳಿಯಲ್ಲಿ. ಐದಾರು ಜನರನ್ನು ಇಟ್ಟುಕೊಂಡು ಸಾಫ್ಟ್‌ವೇರ್ ಕಂಪನಿ ನಡೆಸುವವರಿಗೆ ಮಾತ್ರ ಡಿಸೆಂಬರ್ ಕೊನೆಯ ವಾರವೇ ಕೂತು ಯೋಚಿಸುವ ಕಾಲ. ಅಮೆರಿಕ, ಯುರೋಪಿನ ಗಿರಾಕಿಗಳು ಕ್ರಿಸ್‌ಮಸ್ ರಜೆಯಲ್ಲಿರುತ್ತಾರೆ. ಚಾಲ್ತಿಯಲ್ಲಿರುವ ತಂತ್ರಾಂಶವನ್ನು ಆ ದಿನಗಳಲ್ಲಿ ಮುಟ್ಟಬಾರದೆಂದು ಹಲವು ಕಂಪನಿಗಳು ಕಟ್ಟಪ್ಪಣೆ ಮಾಡಿರುತ್ತವೆ. ಫೋನು ಸುಮ್ಮನಿರುತ್ತದೆ.

ಆಗ ಮಾಲೀಕರು ಮಾಡುವ ಸಂಕಲ್ಪಗಳಲ್ಲಿ ಒಂದಂತೂ ಖಾಯಂ: ಈ ವರ್ಷ ಮನೆಗೆ ಹೆಚ್ಚು ಸಮಯ ಕೊಡಬೇಕು. ಅದು ಮುರಿದುಬಿದ್ದಾಗ ತಮ್ಮಲ್ಲೇ ಗಟ್ಟಿತನವಿಲ್ಲ ಎಂದು ನೊಂದುಕೊಳ್ಳುತ್ತಾರೆ. ಆದರೆ ಅವರ ಸಂಜೆಗಳನ್ನು ನುಂಗುತ್ತಿರುವುದು ಗಡಿಯಾರ ಮತ್ತು ಬಾಕಿ.

ಗಡಿಯಾರದ ಲೆಕ್ಕ ಸರಳ. ಚಳಿಗಾಲದಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ ತೆರೆದಾಗ ಮೈಸೂರಿನಲ್ಲಿ ಸಂಜೆ ಏಳೂವರೆ. ಮಕ್ಕಳ ಹೋಂವರ್ಕ್, ಒಗ್ಗರಣೆ, ಊಟದ ಹೊತ್ತು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಪಾಳಿ ಇದೆ. ಸಣ್ಣ ಕಂಪನಿಯಲ್ಲಿ ಮಾರಾಟಗಾರ, ಎಂಜಿನಿಯರ್, ಗುಮಾಸ್ತ ಎಲ್ಲವೂ ಮಾಲೀಕರೇ ಆದ್ದರಿಂದ ಕರೆ ಅವರಿಗೇ ಬರುತ್ತದೆ. ಷಿಕಾಗೋದಲ್ಲಿ 1999ರಲ್ಲಿ ಹುಟ್ಟಿದ 37ಸಿಗ್ನಲ್ಸ್ ಎಂಬ ಪುಟ್ಟ ಕಂಪನಿ ಬೇಸಿಗೆಯ ತಿಂಗಳುಗಳಲ್ಲಿ ವಾರಕ್ಕೆ ನಾಲ್ಕೇ ದಿನ, 32 ಗಂಟೆ ಕೆಲಸ ಮಾಡುವ ಪದ್ಧತಿ ತಂದಿತು. ಅವರದು ಚಂದಾ ಕಟ್ಟಿ ಬಳಸುವ ಸ್ವಂತ ಉತ್ಪನ್ನ; ಗಂಟೆಗಳ ಲೆಕ್ಕದಲ್ಲಿ ಬಿಲ್ ಮಾಡುವ ನಮ್ಮವರು ಅದನ್ನು ಹಾಗೆಯೇ ಅನುಸರಿಸಲಾಗದು. ಆದರೆ ಸಭೆಗಿಂತ ಬರವಣಿಗೆಗೆ ಮೊದಲ ಸ್ಥಾನ ಎಂಬ ಅವರ ರೂಢಿಯನ್ನು ಯಾರು ಬೇಕಾದರೂ ತರಬಹುದು. ಮುಗಿದ ಕೆಲಸ, ಉಳಿದ ಕೆಲಸ, ಬೇಕಾದ ಉತ್ತರ ಇವಿಷ್ಟನ್ನು ಮಧ್ಯಾಹ್ನವೇ ಬರೆದು ಕಳಿಸಿದರೆ, ವಾರದ ಐದು ಕರೆ ಎರಡಕ್ಕೆ ಇಳಿಯಲು ಅಡ್ಡಿಯಿಲ್ಲ.

ಬಾಕಿಯ ಸಂಕಟ ಇದಕ್ಕಿಂತ ಆಳದ್ದು. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಡಿಸೆಂಬರಿನಲ್ಲಿ 5 ಲಕ್ಷ ರೂಪಾಯಿಯ ಬಿಲ್ ಹೋಯಿತೆನ್ನಿ. ಶೇ 18ರ ಲೆಕ್ಕದಲ್ಲಿ ಜಿಎಸ್‌ಟಿ 90,000 ರೂಪಾಯಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಅದನ್ನು ಜನವರಿ 20ರೊಳಗೆ ಕಟ್ಟಬೇಕು, ಗಿರಾಕಿಯ ಹಣ ಬಂದಿರಲಿ, ಬಾರದಿರಲಿ. ಕಾರ್ಖಾನೆಯವರು ಕಚ್ಚಾ ಮಾಲಿಗೆ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆದು ಉಳಿದದ್ದನ್ನು ಕಟ್ಟುತ್ತಾರೆ. ಸಾಫ್ಟ್‌ವೇರ್ ಕಂಪನಿಯ ದೊಡ್ಡ ಖರ್ಚು ಸಂಬಳ. ಸಂಬಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಳೆಯಲು ಸಿಗುವುದು ಅಲ್ಪ. ಕೈಯಿಂದ ಹಾಕಿದ ಆ ಹಣ ಎಷ್ಟೋ ಸಲ ಮನೆಯ ಉಳಿತಾಯದ್ದು, ಮಕ್ಕಳ ಶಾಲೆ ಫೀಸಿನದ್ದು. ಅದನ್ನು ತುಂಬಿಕೊಳ್ಳಲು ಮಾಲೀಕರು ಇನ್ನೊಂದು ಕೆಲಸ ಒಪ್ಪಿಕೊಳ್ಳುತ್ತಾರೆ. ಭಾನುವಾರ ಹೋಗುವುದು ಹೀಗೆ.

ಮನೆಯ ದುಡ್ಡು ಕಂಪನಿಗೆ ಹೋಗುವುದೇನೂ ಹೊಸತಲ್ಲ. 1981ರಲ್ಲಿ ಪುಣೆಯಲ್ಲಿ ಇನ್ಫೊಸಿಸ್ ಶುರುವಾಗುವಾಗ ಸುಧಾ ಮೂರ್ತಿ ತಮ್ಮ ಉಳಿತಾಯದಿಂದ 10,000 ರೂಪಾಯಿ ಕೊಟ್ಟಿದ್ದರು. ಅದು ಗೊತ್ತಿದ್ದು ಕೊಟ್ಟ, ಇಷ್ಟೇ ಎಂದು ಗೊತ್ತಿದ್ದ ಮೊತ್ತ. ಲೆಕ್ಕಕ್ಕೇ ಸಿಗದೆ ತಿಂಗಳು ತಿಂಗಳು ಸೋರುವ ಹಣವೇ ಮನೆಯವರನ್ನು ಕಂಗೆಡಿಸುವುದು. ಒಬ್ಬರ ಹೆಸರಿನ ಮಾಲೀಕತ್ವದಲ್ಲಂತೂ ಕಂಪನಿಯ ಸಾಲಕ್ಕೂ ಮಾಲೀಕರ ಮನೆಗೂ ನಡುವೆ ಕಾನೂನಿನ ಗೋಡೆಯೇ ಇಲ್ಲ. ಹೊಣೆಗೆ ಮಿತಿ ಹಾಕುವ ಎಲ್‌ಎಲ್‌ಪಿ 2008ರ ಕಾಯ್ದೆಯಿಂದ ಬಂತು, ಏಕವ್ಯಕ್ತಿ ಕಂಪನಿ 2013ರ ಕಾಯ್ದೆಯಿಂದ. ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಮಾತ್ರ ಆ ರಕ್ಷಣೆಯೂ ಸಡಿಲವಾಗುತ್ತದೆ.

ಬಾಕಿ ವಸೂಲಿಗೆ ಒಂದು ಬಲವಾದ ಕಾನೂನಿದೆ, ಬಳಸುವವರು ಕಡಿಮೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಚುಕ್ತಾ ಮಾಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ತಂದ ತಿದ್ದುಪಡಿ ಇದಕ್ಕೆ ಹಲ್ಲು ಕೊಟ್ಟಿತು: ಗಡುವು ಮೀರಿಸಿ, ಆ ಹಣಕಾಸು ವರ್ಷದೊಳಗೂ ಕೊಡದ ಹಣವನ್ನು ಗಿರಾಕಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಗಿರಾಕಿ ಕೈತಪ್ಪೀತು ಎಂಬ ಭಯಕ್ಕೆ ಎಷ್ಟೋ ಮಾಲೀಕರು ಇದನ್ನು ಬಾಯಿಬಿಟ್ಟು ಕೇಳುವುದೇ ಇಲ್ಲ. ಆ ಭಯ ಸುಳ್ಳಲ್ಲ. ಆದರೆ ಕೆಲಸಕ್ಕೆ ಕೈ ಹಚ್ಚುವ ಮೊದಲೇ ಒಪ್ಪಂದದಲ್ಲಿ ಬರೆದ ಷರತ್ತು ಯಾರಿಗೂ ಜಗಳದಂತೆ ಕಾಣದು. ವಿದೇಶದ ಗಿರಾಕಿಗಳಿಗೆ ಈ ಕಾಯ್ದೆಯ ಬಿಸಿ ತಟ್ಟುವುದಿಲ್ಲ. ಅವರಲ್ಲಿ ಒಂದು ಭಾಗ ಮುಂಗಡ ಕೇಳುವುದೇ ದಾರಿ.

ಸಣ್ಣ ಉದ್ಯಮ ನಡೆಸುವವರು ಈ ಕಾಯ್ದೆಯ ರಕ್ಷಣೆ ಪಡೆಯಲು ಈ ಜನವರಿ ಮುಗಿಯುವುದರೊಳಗೆ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಲಿ; ಅದಕ್ಕೆ ಶುಲ್ಕವಿಲ್ಲ. ಆ ಸಂಖ್ಯೆಯನ್ನೂ 45 ದಿನದ ಷರತ್ತನ್ನೂ ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಲಿ. ತಮಗೂ ತಿಂಗಳಿಗಿಷ್ಟು ಎಂದು ಸಂಬಳ ಗೊತ್ತುಮಾಡಿ, ಮನೆಯ ಖಾತೆಯನ್ನು ಕಂಪನಿಯ ಖಾತೆಯಿಂದ ಬೇರೆಯಾಗಿ ಇಟ್ಟುಕೊಳ್ಳಲಿ.