ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ಕೆರೆಗಳಲ್ಲಿ ಮೀನುಗಾರಿಕೆ: ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದ ಪ್ರಸ್ಥಭೂಮಿಯಲ್ಲಿರುವ ಈ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ಇಲ್ಲಿನ ಪಾಲಾರ್ ಮಳೆಗಾಲದಲ್ಲಿ ಮಾತ್ರ ಹರಿಯುವ ನದಿಯಾಗಿದ್ದು, ಅದರ ನೀರು ರಾಮಸಾಗರ, ಬೇತಮಂಗಲ ಮುಂತಾದ ಕೆರೆಗಳಲ್ಲಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಚಿನ್ನದ ಗಣಿಗಳಿಗೂ ಗಣಿ ಕಾರ್ಮಿಕರ ವಸತಿಗಳಿಗೂ ಬೇತಮಂಗಲದಿಂದಲೇ ನೀರು ಪೂರೈಕೆಯಾಗುತ್ತಿತ್ತು. ಆದ್ದರಿಂದ ಈ ಭಾಗದಲ್ಲಿ ಮೀನುಗಾರಿಕೆ ಎಂದರೆ ಬಹುಪಾಲು ಕೆರೆ ಮೀನುಗಾರಿಕೆಯೇ ಆಗಿದೆ.

ಗುತ್ತಿಗೆಯನ್ನು ವರ್ಷಗಳ ಲೆಕ್ಕದಲ್ಲಿ ನೀಡಲಾಗುತ್ತದೆ. ಆದರೆ ಮೀನು ಬೆಳೆಯುವುದು ಕೆರೆಯಲ್ಲಿ ನೀರು ನಿಲ್ಲುವ ತಿಂಗಳುಗಳ ಲೆಕ್ಕದಲ್ಲಿ. ಇದನ್ನು ಗಮನಿಸದೆ ಸಾಲ ಮಾಡಿ ಮರಿ ಬಿಟ್ಟವರು ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಬಂಡವಾಳವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ಮೀನು ಹಿಡಿಯುವ ಹಕ್ಕು

ದೊಡ್ಡ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆಯೂ, ಚಿಕ್ಕ ಕೆರೆಗಳ ಹಕ್ಕನ್ನು ಗ್ರಾಮ ಪಂಚಾಯಿತಿಗಳೂ ವಿಲೇವಾರಿ ಮಾಡುತ್ತವೆ. ಅರ್ಜಿ ಸಲ್ಲಿಸುವ ಮುನ್ನ ತಮ್ಮ ಕೆರೆಯು ಯಾರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಗುತ್ತಿಗೆದಾರರಿಗೆ ದೊರೆಯುವುದು ಮೀನಿನ ಹಕ್ಕು ಮಾತ್ರ, ನೀರಿನ ಹಕ್ಕಲ್ಲ. ಕುಡಿಯುವ ನೀರಿಗೂ ಅಚ್ಚುಕಟ್ಟಿನ ಬೆಳೆಗೂ ಮೊದಲ ಆದ್ಯತೆ ಇರುತ್ತದೆ. ಮೀನು ಹಿಡಿಯುವ ಸಲುವಾಗಿ ತೂಬು ತೆಗೆದು ನೀರು ಹೊರಬಿಡುವಂತಿಲ್ಲ.

ಮರಿ ಬಿತ್ತನೆ

ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಸಂತಾನಾಭಿವೃದ್ಧಿ ಮಾಡುವುದಿಲ್ಲ. ಹೀಗಾಗಿ ಪ್ರತಿ ವರ್ಷ ಮರಿಗಳನ್ನು ಬಿಡಬೇಕಾಗುತ್ತದೆ. ಸಾಮಾನ್ಯ ಗೆಂಡೆ ಮಾತ್ರ ಕೆರೆಯಲ್ಲಿಯೇ ಮೊಟ್ಟೆ ಇಡುತ್ತದೆ.

ಈ ಭಾಗದಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಕೆರೆಗೆ ಸಾಕಷ್ಟು ನೀರು ಬಂದ ನಂತರವೇ ಮರಿ ಬಿಡಬೇಕು. ಮೊದಲ ಮಳೆಯನ್ನು ನಂಬಿ ಬಿಡಬಾರದು.
2. ಆರರಿಂದ ಎಂಟು ತಿಂಗಳು ಮಾತ್ರ ನೀರು ನಿಲ್ಲುವ ಕೆರೆಗಳಿಗೆ ಸಣ್ಣ ಮರಿಗಳ ಬದಲು ಬೆರಳುದ್ದದ ಮರಿಗಳನ್ನು ಬಿಡಬೇಕು. ಇವು ಬೇಗ ಮಾರಾಟದ ತೂಕಕ್ಕೆ ಬರುತ್ತವೆ. ಇತರ ಮೀನುಗಳಿಗೆ ಆಹಾರವಾಗುವ ಪ್ರಮಾಣವೂ ಕಡಿಮೆ.
3. ಮರಿ ತಂದ ಪಾಲಿಥೀನ್ ಚೀಲವನ್ನು 15ರಿಂದ 20 ನಿಮಿಷ ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಉಷ್ಣತೆ ಸಮವಾದ ಮೇಲೆ ಚೀಲ ಬಿಚ್ಚಬೇಕು. ಬೆಳಿಗ್ಗೆ ಅಥವಾ ಸಂಜೆಯ ಹೊತ್ತು ಉತ್ತಮ.
4. 2021ರ ನವೆಂಬರ್ ತಿಂಗಳ ಭಾರಿ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು. ಕೋಡಿಯಲ್ಲಿ ಮೀನು ಹೊರಹೋಗದಂತೆ ಬಲೆ ಕಟ್ಟುವವರು ಸಂಬಂಧಪಟ್ಟವರ ಅನುಮತಿ ಪಡೆಯಬೇಕು. ಕಸ ಸಿಕ್ಕಿ ನೀರಿನ ಹರಿವಿಗೆ ಅಡ್ಡಿಯಾದರೆ ಕೆರೆ ಏರಿಗೇ ಅಪಾಯ.
5. ನೀರು ತೀರಾ ಇಳಿಯುವವರೆಗೆ ಕಾಯದೆ ದೊಡ್ಡ ಮೀನುಗಳನ್ನು ಹಂತ ಹಂತವಾಗಿ ಹಿಡಿದು ಮಾರಬೇಕು.

ನೀರಿನ ಗುಣಮಟ್ಟ

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಪಾಚಿ ಹಗಲಿನಲ್ಲಿ ಆಮ್ಲಜನಕ ನೀಡಿದರೂ ರಾತ್ರಿ ಅದನ್ನೇ ಬಳಸಿಕೊಳ್ಳುವುದರಿಂದ ನಸುಕಿನಲ್ಲಿ ಆಮ್ಲಜನಕದ ಕೊರತೆ ಉಂಟಾಗುತ್ತದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಎಚ್ಚರಿಕೆಯ ಸೂಚನೆ. ಅಂತಹ ಸಂದರ್ಭದಲ್ಲಿ ಮೇವು ಹಾಗೂ ಗೊಬ್ಬರ ಹಾಕುವುದನ್ನು ನಿಲ್ಲಿಸಿ ಇಲಾಖೆಯ ಅಧಿಕಾರಿಗಳಿಗೆ ತಿಳಿಸಬೇಕು. ಸತ್ತು ತೇಲಿದ ಮೀನನ್ನು ಮಾರಾಟ ಮಾಡಬಾರದು.

ಕೆ.ಜಿ.ಎಫ್. ನಗರದ ಗಣಿಗಳು 2001ರಲ್ಲಿ ಮುಚ್ಚಿದ್ದರೂ ಅದಿರಿನ ತ್ಯಾಜ್ಯದ ಸೈನೈಡ್ ದಿಬ್ಬಗಳು ಉಳಿದಿವೆ. ಈ ದಿಬ್ಬಗಳ ಮೇಲಿನ ಮಳೆನೀರು ಸೇರುವ ಹೊಂಡಗಳಲ್ಲಿ ಪರೀಕ್ಷೆ ಮಾಡಿಸದೆ ಮೀನು ಸಾಕಬಾರದು.

ನಿಷೇಧಗಳು

ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ವಿನಿಯಮನ) ಅಧಿನಿಯಮ, 1996 ಜಾರಿಯಲ್ಲಿದೆ. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ಅಪರಾಧ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರವು 1997ರಲ್ಲಿಯೇ ನಿಷೇಧಿಸಿದೆ. ಕೆರೆಗೆ ಸೇರಿದ ಈ ಮೀನು ಬಿತ್ತಿದ ಮರಿಗಳನ್ನೂ ಕೊರಮೀನಿನಂತಹ ಸ್ಥಳೀಯ ತಳಿಗಳನ್ನೂ ತಿಂದುಹಾಕುತ್ತದೆ. ಒಮ್ಮೆ ನೆಲೆಯೂರಿದರೆ ತೆಗೆಯುವುದು ಬಹಳ ಕಷ್ಟ.

ಸೌಲಭ್ಯಗಳು

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಘಟಕಗಳಿಗೆ ಘಟಕ ವೆಚ್ಚದ ಶೇ. 40ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನ ನಿಗದಿಪಡಿಸಲಾಯಿತು. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವು 2018-19ರಿಂದ ಮೀನುಗಾರರಿಗೂ ವಿಸ್ತರಣೆಯಾಗಿದೆ. ಸಹಾಯಧನದ ಲಭ್ಯತೆಯು ಆಯಾ ವರ್ಷದ ಅನುದಾನವನ್ನು ಅವಲಂಬಿಸಿರುತ್ತದೆ. ಮಂಜೂರಾತಿ ಆದೇಶ ಕೈಸೇರುವ ಮುನ್ನ ಸಾಲ ಮಾಡಿ ಕೆಲಸ ಆರಂಭಿಸದಿರುವುದು ಒಳಿತು.

ಅರ್ಜಿ ಸಲ್ಲಿಸುವ ಮುನ್ನ

ಕಳೆದ ಕೆಲವು ವರ್ಷಗಳಲ್ಲಿ ಕೆರೆಗೆ ಯಾವ ತಿಂಗಳಲ್ಲಿ ನೀರು ಬಂದಿತು, ಯಾವ ತಿಂಗಳಲ್ಲಿ ಬತ್ತಿತು ಎಂಬುದನ್ನು ಊರಿನ ಹಿರಿಯರಿಂದಲೂ ಅಚ್ಚುಕಟ್ಟಿನ ರೈತರಿಂದಲೂ ವಿಚಾರಿಸಿ ಬರೆದಿಟ್ಟುಕೊಳ್ಳುವುದು. ಎಷ್ಟು ಮರಿ, ಯಾವ ತಳಿ ಎಂಬ ಸಲಹೆ ನೀಡಲು ಈ ಮಾಹಿತಿಯೇ ಆಧಾರ. ಹೆಚ್ಚಿನ ವಿವರಗಳಿಗೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.